ಶೆಡ್ಡಿನಲ್ಲಿ ಮಲಗಿದ ಯಂತ್ರ
2010ರ ಡಿಸೆಂಬರ್ 18. ಲಂಡನ್ನಿನ ಹೀಥ್ರೂ ವಿಮಾನ ನಿಲ್ದಾಣದಲ್ಲಿ ಭಾರಿ ಹಿಮ. ಕ್ರಿಸ್‌ಮಸ್‌ಗೆ ಊರಿಗೆ ಹೊರಟವರು ಟರ್ಮಿನಲ್ಲಿನ ನೆಲದ ಮೇಲೆಯೇ ಮಲಗಿದರು. ರನ್‌ವೇ ಗುಡಿಸುವುದಕ್ಕಿಂತ ಕಷ್ಟವಾಗಿದ್ದು, ಸಾಲಾಗಿ ನಿಂತ ವಿಮಾನಗಳ ಸುತ್ತ ಗಟ್ಟಿಯಾದ ಮಂಜುಗಡ್ಡೆ ಕೆರೆದು ತೆಗೆಯುವುದು. ಇಷ್ಟಾದ ಮೇಲೆ ಹಿಮ ಎದುರಿಸಲು 5 ಕೋಟಿ ಪೌಂಡಿನ ಯೋಜನೆ ಬಂತು!

ಹೆಲ್ಸಿಂಕಿಯವರಿಗೆ ಹಿಮ ಗುಡಿಸುವ ಯಂತ್ರವೆಂದರೆ ನಮಗೆ ಮಳೆಗಾಲದ ಕೊಡೆ ಇದ್ದಂತೆ. ಲಂಡನ್ನಿನಲ್ಲಿ ಅದು ಬಹುಪಾಲು ಶೆಡ್ಡಿನಲ್ಲೇ ಮಲಗಿರುತ್ತದೆ, ಲೆಕ್ಕಪತ್ರದವರ ಕಣ್ಣು ಕುಕ್ಕುತ್ತದೆ. ಕುಕ್ಕಲಿ ಬಿಡಿ. ಎರಡೇ ರನ್‌ವೇ ಇಟ್ಟುಕೊಂಡು ತುಂಬಿ ತುಳುಕುವ ನಿಲ್ದಾಣವದು. ಒಂದು ದಿನ ನಿಂತರೆ ಬೆಂಗಳೂರಿನ ವಿಮಾನ ಹಿಡಿಯಬೇಕಾದವರಿಗೂ ಅದೇ ತಣ್ಣನೆಯ ನೆಲ.