ಬ್ಯಾರನ್ನಿನ ಕಾವು

ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿಯು ನಾಗರಹೊಳೆಯ ಅರಣ್ಯಕ್ಕೆ ಹೆಬ್ಬಾಗಿಲಿನಂತಿರುವ ಗ್ರಾಮ. ಅಲ್ಲಿಂದ ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳ ಕಡೆಗೆ ಸಂಚರಿಸುವವರಿಗೆ ಹೊಲಗಳ ನಡುವೆ ಎತ್ತರವಾದ ಒಂಟಿಮನೆಗಳು ಅಲ್ಲಲ್ಲಿ ಕಾಣುವುವು. ಅವು ವಾಸದ ಮನೆಗಳಲ್ಲ. ಹೊಗೆಸೊಪ್ಪನ್ನು ಬೇಯಿಸುವ ಬ್ಯಾರನ್ನುಗಳು. ಹೊಗೆಸೊಪ್ಪು ದೇಹಕ್ಕೆ ಹಾನಿಕರವೆಂಬುದರಲ್ಲಿ ಸಂಶಯವಿಲ್ಲ. ಆ ವಿಚಾರ ಬೇರೆ. ಆದರೆ ಬೆಳೆದವನ ವರ್ಷದ ಅನ್ನವೂ ಸಾಲದ ಕಂತೂ ಆ ನಾಲ್ಕು ಗೋಡೆಗಳೊಳಗಿನ ಕಾವನ್ನೇ ನಂಬಿಕೊಂಡಿರುವುವು.

ಹೊರಗಣ ಒಲೆಯಲ್ಲಿ ಸೌದೆಯುರಿದು, ಅದರ ಬಿಸಿಯು ತಗಡಿನ ಕೊಳವೆಗಳಲ್ಲಿ ನೆಲದ ಮಟ್ಟದಲ್ಲಿ ಸುತ್ತಿಬಂದು ಹೊಗೆಗೂಡನ್ನು ಸೇರುವುದು. ಎಲೆಗೆ ತಾಗಬೇಕಾದುದು ಕೊಳವೆಯ ಮೈಯ ಕಾವು ಮಾತ್ರ, ಹೊಗೆ ತಾಗಕೂಡದು. ಮೊದಲ ಒಂದೆರಡು ದಿನ 95ರಿಂದ 100 ಡಿಗ್ರಿ ಫ್ಯಾರನ್‌ಹೀಟಿನಲ್ಲಿ ಎಲೆ ಹಳದಿಗೆ ತಿರುಗಬೇಕು. ಬಳಿಕ ಕಾವು ಮೆಟ್ಟಿಲುಮೆಟ್ಟಿಲಾಗಿ ಏರಿ, ಕಡೆಗೆ ದಂಟು ಒಣಗುವಾಗ 160ರ ಸುಮಾರಿಗೆ ನಿಲ್ಲಬೇಕು. ಒಟ್ಟು ಐದಾರು ದಿನಗಳ ಕೆಲಸ. ಅವಸರಪಟ್ಟರೆ ಎಲೆ ಹಸುರಾಗಿಯೇ ಸಾಯುವುದು; ತೇವ ಹೊರಹೋಗದೆ ಕಾವೇರಿದರೆ ಕಂದುವುದು.

ಒಲೆಯ ಮಗ್ಗುಲು ಸುಡುತ್ತ, ಎದುರು ಮೂಲೆ ತಣ್ಣಗಿದ್ದರೆ ಏನು ಮಾಡತಕ್ಕದ್ದು? ಎಳೆಯರು ಸೌದೆಯನ್ನು ತುರುಕುವರು. ಆ ಗ್ರಾಮದ ವೃದ್ಧ ರೈತನೊಬ್ಬನನ್ನು ಮೊಮ್ಮಗನು, “ಇನ್ನೆರಡು ಕೊರಡು ಹಾಕಲೇ, ತಾತ?” ಎಂದು ಕೇಳಿದಾಗ, “ಬೇಡ ಮಗ, ಉರಿಗೇನೂ ಕಡಮೆಯಿಲ್ಲ, ಅದು ಹೋಗುವ ದಾರಿ ಕಟ್ಟಿದೆ” ಎಂದನಂತೆ. ಕೊಳವೆಯಲ್ಲಿ ಮಸಿ ತುಂಬಿದರೆ ಬಿಸಿಯು ಒಲೆಯ ಬಳಿಯೇ ನಿಲ್ಲುವುದು. ಆಗ ಸೌದೆ ಹೆಚ್ಚಿಸಿದರೆ ಅಲ್ಲಿನ ತಗಡು ಕೆಂಪಗೆ ಕಾದು, ಉದುರಿದ ಒಂದು ಒಣ ಎಲೆಯಿಂದ ಬ್ಯಾರನ್ನೇ ಹೊತ್ತಿಕೊಳ್ಳಬಹುದು.

ಶೀತದೇಶಗಳ ಮನೆಗಳಲ್ಲಿ ಬಿಸಿನೀರು ಹರಿಯುವ ರೇಡಿಯೇಟರುಗಳುಂಟು. ಅವುಗಳ ತಲೆ ತಣ್ಣಗಿದ್ದರೆ ಗಾಳಿ ಸಿಕ್ಕಿಕೊಂಡಿದೆಯೆಂದೂ, ಬುಡ ತಣ್ಣಗಿದ್ದರೆ ಕೆಸರು ಕೂತಿದೆಯೆಂದೂ ಊಹಿಸುವರು. ಇಲ್ಲಿಯೂ ತಣ್ಣಗಿರುವ ಜಾಗವೇ ದೋಷವನ್ನು ಹೇಳುವುದು. ಗಾಳಿ ಬೀಸುವ ದಿಕ್ಕಿನ ಮೂಲೆ ಮಾತ್ರ ತಣ್ಣಗಿದ್ದರೆ ಆ ಕಡೆಯ ಕೆಳಗಂಡಿಯನ್ನೋ ಗೋಡೆಯ ಬಿರುಕನ್ನೋ ನೋಡಬೇಕು. ನಡುವೆ ಎಲೆ ಒದ್ದೆಯಾಗಿ ಅಂಚಿನಲ್ಲಿ ಒಣಗಿದ್ದರೆ, ಕಡ್ಡಿಗಳನ್ನು ನಡುವೆ ಒತ್ತೊತ್ತಾಗಿ ಜೋಡಿಸಿರುವರು. ಬಿಸಿಗಾಳಿ ಸಡಿಲವಾದ ಕಡೆಯಲ್ಲೇ ಮೇಲೇರುವುದಷ್ಟೆ. ಇಡೀ ಮನೆಯೇ ನಿಧಾನವಾಗಿ ಕಾದರೆ ಹಸಿ ಸೌದೆ, ಇಲ್ಲವೆ ಬೂದಿ ಕಟ್ಟಿದ ಒಲೆ. ಹೊಗೆಯಿಂದ ಬೆಂಕಿಯನ್ನು ಅನುಮಾನಿಸುವುದು ತಾರ್ಕಿಕರ ಹಳೆಯ ಉದಾಹರಣೆ; ಬ್ಯಾರನ್ನಿನೊಳಗೆ ಹೊಗೆ ಕಂಡರೆ ಅನುಮಾನಿಸಬೇಕಾದುದು ಕೊಳವೆಯ ತೂತನ್ನು!

ಕಾವಿನ ಲೆಕ್ಕ ಕಾಡಿನ ಲೆಕ್ಕವೂ ಹೌದು. ಹಳೆಯ ಬಗೆಯ ಬ್ಯಾರನ್ನಿನಲ್ಲಿ ಒಂದು ಕಿಲೋ ಸೊಪ್ಪು ಹದವಾಗಲು ನಾಲ್ಕೈದು ಕಿಲೋ ಸೌದೆ ಬೇಕು. 1999ರಲ್ಲಿ ಹುಲಿಗಳ ರಕ್ಷಿತಾರಣ್ಯವೆನಿಸಿದ ಕಾಡು ಪಕ್ಕದಲ್ಲಿಯೇ ಇರುವಾಗ, ಮಸಿ ಹಿಡಿದ ಕೊಳವೆಯಿಂದ ವ್ಯರ್ಥವಾಗುವ ಸೌದೆಯು ಅಲ್ಪವೆನ್ನಲಾಗದು.

ಆ ವೃದ್ಧನಾದರೋ ಮೊದಲ ಸೊಪ್ಪು ಮುರಿಯುವ ಮುನ್ನವೇ ಕೊಳವೆಗಳನ್ನು ಬಿಚ್ಚಿ, ತಟ್ಟಿ ಮಸಿ ಉದುರಿಸುವನು. ದಾರ ಹಿಡಿದು, ಒಲೆಯಿಂದ ಹೊಗೆಗೂಡಿನವರೆಗೆ ಅವು ತುಸುತುಸುವೇ ಏರಿವೆಯೇ ಎಂದು ನೋಡುವನು. ಸಂದುಗಳಿಗೆ ಜೇಡಿಮಣ್ಣು ಮೆತ್ತಿ, ಬರಿಯ ಮನೆಯಲ್ಲೊಮ್ಮೆ ಉರಿ ಹಾಕಿ, ನಾಲ್ಕು ಮೂಲೆಗಳಲ್ಲಿಯೂ ಕೈಯಾಡಿಸುವನು.