ತಲೆದೆಸೆಯ ಕೋವಿ

ಕೋವಿಯುಳ್ಳ ಮನೆಗೂ ಇಲ್ಲದ ಮನೆಗೂ ಹಗಲಿನಲ್ಲಿ ಹೆಚ್ಚಿನ ಭೇದವೇನೂ ತೋರುವುದಿಲ್ಲ. ಅಂಗಳದಲ್ಲಿ ಅದೇ ರಾಗಿಯ ಹುಲ್ಲು, ಜಗಲಿಯ ಮೇಲೆ ಅದೇ ತೆಂಗಿನಕಾಯಿಯ ರಾಶಿ. ದೀಪವಾರಿದ ಮೇಲೆಯೇ ಭೇದವು ಹುಟ್ಟುವುದು. ಯಜಮಾನನು ಮಲಗುವ ಮುನ್ನ ಕೋವಿಯನ್ನು ಎಲ್ಲಿಟ್ಟನು, ಅದರೊಳಗೆ ತೋಟಾ ಇದೆಯೋ ಇಲ್ಲವೋ, ಬೀಗದ ಕೈ ಯಾರಲ್ಲಿದೆ ಎಂಬ ಮೂರು ಪ್ರಶ್ನೆಗಳನ್ನು ಅವಲಂಬಿಸಿ ಆ ಮನೆಯಲ್ಲಿ ನಿದ್ರಿಸುವವರೆಲ್ಲರ ಕ್ಷೇಮವು ಇರುತ್ತದೆ. ಬೇಲೂರು ತಾಲ್ಲೂಕಾದರೋ ಮಲೆನಾಡು ಮುಗಿದು ಬಯಲುಸೀಮೆ ಮೊದಲಾಗುವ ಪ್ರದೇಶ. ಇಂತಹ ನಾಡಿನಲ್ಲಿ ಬೆಳೆಯ ಕಾವಲಿಗೆಂದು ಪರವಾನಗಿ ಪಡೆದ ಕೋವಿಯನ್ನು ತಲೆದೆಸೆಯಲ್ಲಿಟ್ಟು ಮಲಗುವ ಅಭ್ಯಾಸವು ಅಪರೂಪವಾದುದಲ್ಲ.

ಹಳೇಬೀಡಿಗೆ ಹೊಂದಿಕೊಂಡೇ ಇರುವ ಬಸ್ತಿಹಳ್ಳಿಯ ಗೃಹಸ್ಥರೊಬ್ಬರ ಅಭ್ಯಾಸವೂ ಅದೇ ಆಗಿತ್ತು. ಅವರದು ಹನ್ನೆರಡು ಬೋರಿನ, ಒಂಟಿ ನಳಿಗೆಯ, ಹೊರಕುದುರೆಯ ಹಳೆಯ ಕೋವಿ. ತಂದೆಯ ಕಾಲದಿಂದ ಬಂದುದು. ತಂದೆಯು ತೀರಿಕೊಂಡಾಗ ಅದನ್ನು ಠಾಣೆಗೆ ಒಪ್ಪಿಸಿ, ತಮ್ಮ ಹೆಸರಿಗೆ ಪರವಾನಗಿಯನ್ನು ಮಾಡಿಸಿಕೊಂಡು, ವಿಧಿಪೂರ್ವಕವಾಗಿಯೇ ಬಿಡಿಸಿಕೊಂಡು ಬಂದಿದ್ದರು. ಕಾಗದಪತ್ರಗಳ ವಿಷಯದಲ್ಲಿ ಅಷ್ಟು ನಿಷ್ಠುರರಾದ ಅವರು, ರಾತ್ರಿಯ ವಿಷಯದಲ್ಲಿ ಮಾತ್ರ ತಂದೆಯ ರೂಢಿಯನ್ನೇ ಅನುಸರಿಸುತ್ತಿದ್ದರು. ಮಂಚದ ತಲೆದೆಸೆಯ ಗೋಡೆಗೆ ಕೋವಿಯನ್ನು ಒರಗಿಸುವುದು. ನಳಿಗೆಯಲ್ಲಿ ಒಂದು ತೋಟಾ, ದಿಂಬಿನ ಕೆಳಗೆ ಎರಡು. ಜೋಳದ ಹೊಲಕ್ಕೆ ಹಂದಿಗಳು ನುಗ್ಗುವ ಕಾಲ, ಅಂಗಳದ ನಾಯಿಯನ್ನು ಚಿರತೆಯು ಎತ್ತಿಕೊಂಡು ಹೋದ ಮಾತು, ಒಂಟಿ ಮನೆಯ ಕಳ್ಳತನದ ಸುದ್ದಿ, ಇವೆಲ್ಲವೂ ಆ ರೂಢಿಗೆ ಆಧಾರವಾಗಿದ್ದುವು.

ಒಂದು ದಿನ ಮಧ್ಯಾಹ್ನ ನಾಲ್ಕು ವರ್ಷದ ಮೊಮ್ಮಗನು ಅಜ್ಜನ ಹಾಸಿಗೆಯ ಮೇಲೆ ಕುಳಿತು, ಕೆಂಪು ಬಣ್ಣದ ತೋಟಾವೊಂದನ್ನು ಬುಗುರಿಯೆಂದು ಬಗೆದು ಹಲಗೆಯ ಮೇಲೆ ತಿರುಗಿಸುತ್ತಿದ್ದನು. ಸೊಸೆಯು ಕೂಗಾಡಲಿಲ್ಲ. ಮಗುವಿನ ಕೈಯಿಂದ ಅದನ್ನು ಬಿಡಿಸಿಕೊಂಡು ಬಂದು, ಜಗಲಿಯ ಮೇಲೆ ಕುಳಿತಿದ್ದ ಮಾವನವರ ಮುಂದೆ ಇಟ್ಟು, “ಮಾವಾ, ಇವತ್ತು ಇದು ಸಿಕ್ಕಿತು. ನಾಳೆ ಅವನ ಕೈಗೆ ಏನು ಸಿಕ್ಕುವುದೋ ನೀವೇ ಹೇಳಿ” ಎಂದಳು. ಗೃಹಸ್ಥರು ಮಗುವನ್ನು ಗದರಿಸಿದರು, ಮುಟ್ಟಬಾರದೆಂದು ಆಣೆಯಿಡಿಸಿದರು. ಆದರೆ ನಾಲ್ಕು ವರ್ಷದ ಮಗುವಿಗೆ ಆಣೆಯು ಬೀಗವಾಗಬಲ್ಲುದೆ? ಮುಟ್ಟಬೇಡವೆಂದ ವಸ್ತುವೇ ಮಕ್ಕಳ ಮನಸ್ಸನ್ನು ಸೆಳೆಯುವುದೆಂಬುದನ್ನು ಬೆಲ್ಲದ ಡಬ್ಬಿಯನ್ನು ಬಚ್ಚಿಟ್ಟ ಪ್ರತಿಯೊಬ್ಬ ಗೃಹಿಣಿಯೂ ಬಲ್ಲಳು.

ಆ ರಾತ್ರಿ ಅವರ ಪತ್ನಿಯು ಮಾತೆತ್ತಿದರು. ಗೃಹಸ್ಥರು, “ಹೊತ್ತಿಗೆ ಒದಗದ ಕೋವಿಯಿಂದ ಏನು ಪ್ರಯೋಜನ? ಕಳ್ಳನು ಬಂದಾಗ ಬೀಗದ ಕೈ ಹುಡುಕುತ್ತ ಕೂರಲೆ?” ಎಂದು ಕೇಳಿದರು. ಆಕೆಯ ಉತ್ತರವು ಸಿದ್ಧವಾಗಿತ್ತು. ಚುನಾವಣೆಯು ಬಂದಾಗ ಪರವಾನಗಿಯ ಕೋವಿಗಳನ್ನು ಠಾಣೆಯಲ್ಲಿ ಒಪ್ಪಿಸಬೇಕೆಂದು ಜಿಲ್ಲಾಡಳಿತವು ಆಜ್ಞೆಮಾಡುವ ಪದ್ಧತಿಯುಂಟಷ್ಟೆ. 2023ರ ವಿಧಾನಸಭೆಯ ಚುನಾವಣೆಯಲ್ಲಿಯೂ 2024ರ ಲೋಕಸಭೆಯ ಚುನಾವಣೆಯಲ್ಲಿಯೂ ಅವರು ಕೋವಿಯನ್ನು ಕೊಟ್ಟು ರಸೀದಿಯನ್ನು ತಂದಿದ್ದರು. “ಆ ದಿನಗಳಲ್ಲಿ ತಲೆದೆಸೆಯಲ್ಲಿ ಇದ್ದದ್ದು ರಸೀದಿ ಮಾತ್ರ. ನೀವು ನಿದ್ದೆ ಮಾಡಲಿಲ್ಲವೆ?” ಎಂದು ಆಕೆ ಕೇಳಿದರು. ಗೃಹಸ್ಥರಿಗೆ ಪ್ರತಿ ನುಡಿಯಲು ತೋಚಲಿಲ್ಲ.

ವಿಚಾರಮಾಡಿ ನೋಡಿದರೆ ಅವರು ಹೇಳಿದ ಕಾರಣಗಳೂ ಒಂದೊಂದಾಗಿ ಸಡಿಲವಾಗುತ್ತವೆ. ಹಂದಿಯು ಹೊಲಕ್ಕೆ ಬರುವುದೇ ಹೊರತು ಮಲಗುವ ಕೋಣೆಗೆ ಬರುವುದಿಲ್ಲ. ಹೊಲಕ್ಕೆ ಹೊರಡುವವನಿಗೆ ಬೀರುವಿನ ಬೀಗವನ್ನು ತೆಗೆಯುವಷ್ಟು ವ್ಯವಧಾನವು ಇದ್ದೇ ಇರುತ್ತದೆ. ಅದೂ ಅಲ್ಲದೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಬಂದ ಮೇಲೆ ಅನುಮತಿಯಿಲ್ಲದೆ ಕಾಡುಮೃಗವನ್ನು ಹೊಡೆಯುವಂತಿಲ್ಲವಾದ್ದರಿಂದ, ಬೆಳೆಗಾವಲಿನ ಕೋವಿಯ ಕೆಲಸವು ಬಹುಮಟ್ಟಿಗೆ ಸದ್ದುಮಾಡಿ ಬೆದರಿಸುವುದಷ್ಟೇ. ಇನ್ನು ಕಳ್ಳನ ಮಾತು. ಕಳ್ಳನು ಮನೆಯಲ್ಲಿ ಜನರಿಲ್ಲದ ಹೊತ್ತನ್ನು ನೋಡಿ ಬಂದರೆ, ಗೋಡೆಗೊರಗಿದ ಕೋವಿಯೇ ಅವನಿಗೆ ಮೊದಲನೆಯ ಲಾಭ. ಜನರಿರುವಾಗ ಬಂದರೆ, ಅರೆನಿದ್ದೆಯಲ್ಲಿ ಎದ್ದ ಕಣ್ಣಿಗೆ ಕತ್ತಲಲ್ಲಿ ಕಾಣುವುದು ಒಂದು ನೆರಳು ಮಾತ್ರ. ಆ ನೆರಳು ಕಳ್ಳನದೋ, ನೀರು ಕುಡಿಯಲೆದ್ದ ಸೊಸೆಯದೋ, ಹೊಲದಿಂದ ತಡವಾಗಿ ಬಂದ ಮಗನದೋ ಎಂಬುದನ್ನು ಕೋವಿಯು ವಿಚಾರಿಸುವುದಿಲ್ಲ. ಹತ್ತಿರದಿಂದ ಹಾರಿದ ಗುಂಡು ಹಲಗೆಯ ಬಾಗಿಲನ್ನು ತೂರಿ ಆಚೆಯವರನ್ನೂ ತಗಲಬಲ್ಲುದು. ಹಳೆಯ ಹೊರಕುದುರೆಯ ಕೋವಿಗಳಲ್ಲಂತೂ ಇನ್ನೊಂದು ಅಪಾಯವಿದೆ. ತೋಟಾ ತುಂಬಿದ ಕೋವಿಯು ಗೋಡೆಯಿಂದ ಜಾರಿ ಬಿದ್ದು ಕುದುರೆಗೆ ಪೆಟ್ಟು ಬಿದ್ದರೆ, ಯಾರೂ ಮುಟ್ಟದೆಯೇ ಅದು ಸಿಡಿಯುವುದು ಅಸಂಭವವಲ್ಲ.

ಇಷ್ಟನ್ನೂ ಹೇಳಿ ಮುಗಿಸಿದ ಮೇಲೆ ಪತ್ನಿಯು ಸ್ವಲ್ಪ ಹೊತ್ತು ಸುಮ್ಮನಿದ್ದು, “ಮಗುವೊಂದನ್ನೇ ನೆನೆದು ಹೇಳುತ್ತಿಲ್ಲ. ಚಿಕ್ಕವನ ಮುಖವನ್ನೂ ನೋಡಿ” ಎಂದರು. ಎರಡನೆಯ ಮಗನು ಗುತ್ತಿಗೆಯ ಭೂಮಿಯಲ್ಲಿ ಶುಂಠಿಯನ್ನು ಹಾಕಿ, ಗೆಡ್ಡೆ ಕೊಳೆತು, ಸಾಲಕ್ಕೆ ಸಿಲುಕಿದ್ದನು. ಊಟಕ್ಕೆ ಕರೆದರೆ ಬರುವನು. ಮಾತನಾಡಿಸಿದರೆ ಹೂಂ ಎನ್ನುವನು. ರಾತ್ರಿ ಬಹಳ ಹೊತ್ತು ಜಗಲಿಯ ಮೇಲೆ ಒಬ್ಬನೇ ಕುಳಿತಿರುವನು. ಮನೆಯಲ್ಲಿ ಎಲ್ಲರೂ ಕಂಡದ್ದನ್ನು ತಾಯಿಯೊಬ್ಬರೇ ಬಾಯಿಬಿಟ್ಟು ಆಡಿದರು. ಮನುಷ್ಯನಿಗೆ ಬರುವ ಅತ್ಯಂತ ಕತ್ತಲೆಯ ಗಳಿಗೆಯು ಅನೇಕ ವೇಳೆ ಗಳಿಗೆಯಷ್ಟೇ ಆಗಿರುತ್ತದೆ. ಅದು ದಾಟಿಹೋದರೆ ಬದುಕು ಮತ್ತೆ ಕೈಹಿಡಿಯುತ್ತದೆ. ಅಂತಹ ಗಳಿಗೆಗೂ ಆಯುಧಕ್ಕೂ ನಡುವೆ ಒಂದು ಬೀಗವೂ ಒಬ್ಬ ಮನುಷ್ಯನೂ ನಿಂತಿರುವುದು ಎಷ್ಟು ದೊಡ್ಡ ರಕ್ಷಣೆಯೆಂಬುದನ್ನು ಆ ತಾಯಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಗೃಹಸ್ಥರು ಅಂದು ಮಲಗುವ ಮುನ್ನ ನಳಿಗೆಯಿಂದ ತೋಟಾವನ್ನು ತೆಗೆದರು.

ಶಾಸನದ ಅಭಿಪ್ರಾಯವೂ ಇದಕ್ಕೆ ವಿರೋಧವಾಗಿಲ್ಲ. ಈಗ ನಡೆಯುತ್ತಿರುವುದು 1959ರ ಆಯುಧ ಕಾಯಿದೆ. ಅದರಂತೆ ಪರವಾನಗಿಯು ಒಬ್ಬ ವ್ಯಕ್ತಿಗೆ ದೊರೆಯುವುದೇ ಹೊರತು ಮನೆತನಕ್ಕಲ್ಲ. ಇಪ್ಪತ್ತೊಂದು ವರ್ಷ ತುಂಬದವರಿಗೆ ಅದು ಸಿಕ್ಕುವುದಿಲ್ಲ. 2019ರ ತಿದ್ದುಪಡಿಯಿಂದ ಒಬ್ಬರು ಇಟ್ಟುಕೊಳ್ಳಬಹುದಾದ ಕೋವಿಗಳ ಸಂಖ್ಯೆಯು ಮೂರರಿಂದ ಎರಡಕ್ಕೆ ಇಳಿದು, ಪರವಾನಗಿಯ ಅವಧಿಯು ಮೂರು ವರ್ಷಗಳಿಂದ ಐದಕ್ಕೆ ಏರಿತು. 2016ರ ನಿಯಮಗಳು ಕೋವಿಯನ್ನು ಬಳಸುವ ಶಿಕ್ಷಣವನ್ನೂ, ಅದನ್ನು ಸುರಕ್ಷಿತವಾಗಿ ಇಡುವೆನೆಂಬ ಲಿಖಿತ ವಾಗ್ದಾನವನ್ನೂ ಅಪೇಕ್ಷಿಸುತ್ತವೆ. ಆದುದರಿಂದ ಮಗುವಿನ ಕೈಗೂ ನೆಂಟರ ಕೈಗೂ ಎಟಕುವಂತೆ ಕೋವಿಯನ್ನು ಒರಗಿಸಿಡುವವನು ಅಜಾಗರೂಕನು ಮಾತ್ರವಲ್ಲ, ಕೊಟ್ಟ ಮಾತಿಗೆ ತಪ್ಪಿದವನೂ ಆಗುತ್ತಾನೆ.

ಕೊಡಗಿನ ಉದಾಹರಣೆಯನ್ನು ಹೇಳಿ, ಅಲ್ಲಿ ಪರವಾನಗಿಯೇ ಬೇಡವಲ್ಲ ಎನ್ನುವವರುಂಟು. ನಿಜ, 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಅವರ ಕಾಲದಲ್ಲಿ ಕೊಡವರಿಗೆ ದೊರೆತ ವಿನಾಯಿತಿಯು ಮುಂದೆ ಸ್ವತಂತ್ರ ಭಾರತದಲ್ಲಿಯೂ ನಡೆದುಬಂದು, ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ 2029ರವರೆಗೆ ಮುಂದುವರಿದಿದೆ. ಆದರೆ ಅಲ್ಲಿ ಕೋವಿಯು ಕೇವಲ ಆಯುಧವಲ್ಲ. ಕೈಲ್‌ಪೊಳ್ದ್ ಹಬ್ಬದಲ್ಲಿ ಅದಕ್ಕೆ ಹೂವು ಮುಡಿಸಿ ಪೂಜಿಸುತ್ತಾರೆ; ಜನನಕ್ಕೂ ಮರಣಕ್ಕೂ ಅದರ ಸದ್ದೇ ಸಾಕ್ಷಿ. ಪೂಜೆಗೆ ಪಾತ್ರವಾದ ವಸ್ತುವನ್ನು ಬಟ್ಟೆಬರೆಯಂತೆ ಮೂಲೆಯಲ್ಲಿ ಬಿಸಾಡುವುದು ಹೇಗೆ ಸಲ್ಲುತ್ತದೆ? ಪರವಾನಗಿಯಿಂದ ವಿನಾಯಿತಿಯುಂಟು, ಎಚ್ಚರಿಕೆಯಿಂದ ವಿನಾಯಿತಿಯು ಯಾವ ದೇಶದಲ್ಲಿಯೂ ಯಾರಿಗೂ ಇಲ್ಲ.

ಬಸ್ತಿಹಳ್ಳಿಯವರಿಗೆ ಇದನ್ನು ನೆನಪಿಸಲು ದೂರ ಹೋಗಬೇಕಾಗಿಲ್ಲ. ಊರಿನಲ್ಲಿರುವ ಪಾರ್ಶ್ವನಾಥ ಬಸದಿಯನ್ನು 1133ರಲ್ಲಿ ಬೊಪ್ಪನು ತನ್ನ ತಂದೆಯಾದ ಗಂಗರಾಜನ ನೆನಪಿಗಾಗಿ ಕಟ್ಟಿಸಿದನು. ಗಂಗರಾಜನು ವಿಷ್ಣುವರ್ಧನನ ದಂಡನಾಯಕ. ಕತ್ತಿಯನ್ನು ಹಿಡಿದವನು, ಅಹಿಂಸೆಯನ್ನು ಪರಮಧರ್ಮವೆಂದು ನಂಬಿದವನು. ಈ ಎರಡನ್ನೂ ಒಂದೇ ಬಾಳಿನಲ್ಲಿ ಹೊಂದಿಸುವ ದಾರಿಯನ್ನು ಜೈನಶಾಸ್ತ್ರವು ಚಿಂತಿಸದೆ ಬಿಟ್ಟಿಲ್ಲ. ಆತ್ಮರಕ್ಷಣೆಗಾಗಿ ನಡೆಯುವ ವಿರೋಧಿಹಿಂಸೆಯನ್ನು ಗೃಹಸ್ಥನ ಮಟ್ಟಿಗೆ ಅದು ಬೇರೆಯಾಗಿ ಎಣಿಸುತ್ತದೆ. ಆದರೆ ಅನರ್ಥದಂಡಗಳನ್ನು ಎಣಿಸುವಾಗ ಸಮಂತಭದ್ರಾಚಾರ್ಯರು, ಕೊಲ್ಲುವ ಸಾಧನಗಳನ್ನು ಇತರರ ಕೈಗೆ ಒದಗಿಸುವ ಹಿಂಸಾದಾನವನ್ನೂ, ಎಚ್ಚರವಿಲ್ಲದ ನಡತೆಯಾದ ಪ್ರಮಾದಚರ್ಯೆಯನ್ನೂ ಅವುಗಳಲ್ಲಿ ಸೇರಿಸಿದ್ದಾರೆ. ತಲೆದೆಸೆಯಲ್ಲಿ ತುಂಬಿಟ್ಟ ಕೋವಿಯು ಈ ಎರಡೂ ಆಗಬಲ್ಲುದು. ಗೃಹಸ್ಥರು ಜೈನರಲ್ಲ, ಆದರೂ ಆ ಬಸದಿಯ ಕನ್ನಡಿಯಂತಹ ಕಂಬಗಳಲ್ಲಿ ಬಾಲ್ಯದಿಂದ ಮುಖವನ್ನು ನೋಡಿಕೊಂಡು ಬೆಳೆದವರು.

ಮುಂದಿನ ವಾರವೇ ಅವರು ಉಕ್ಕಿನ ಬೀರುವೊಂದನ್ನು ತರಿಸಿ, ತಮ್ಮ ಕೋಣೆಯ ಗೋಡೆಗೇ ಬೋಲ್ಟು ಹಾಕಿಸಿ ಭದ್ರಪಡಿಸಿದರು. ಕೋವಿಯನ್ನು ಮಡಿಸಿ, ನಳಿಗೆಯನ್ನು ಕಣ್ಣಿನಿಂದ ನೋಡಿಯೂ ಬೆರಳಿನಿಂದ ಮುಟ್ಟಿಯೂ ಬರಿದೆಂದು ಖಚಿತಮಾಡಿಕೊಂಡು, ನಳಿಗೆಯನ್ನೂ ಹಿಡಿಯನ್ನೂ ಬೇರ್ಪಡಿಸಿ ಎಣ್ಣೆಯ ಬಟ್ಟೆಯಲ್ಲಿ ಒರೆಸಿ ಒಳಗಿಟ್ಟರು. ಮಳೆಗಾಲದ ತೇವಕ್ಕೆ ತುಕ್ಕು ಹಿಡಿಯದಂತೆ ಆಗಾಗ ತೆಗೆದು ನೋಡುವುದನ್ನೂ ಗೊತ್ತುಮಾಡಿದರು. ತೋಟಾಗಳಿಗೆ ಬೇರೆ ಪೆಟ್ಟಿಗೆ, ಬೇರೆ ಬೀಗ, ಬೇರೆ ಕೋಣೆ. ಅವುಗಳ ಎಣಿಕೆಯು ಒಂದು ಚೀಟಿಯಲ್ಲಿ. ಬೀರುವಿನ ಬೀಗದ ಕೈ ಬಾಗಿಲ ಹಿಂದಿನ ಮೊಳೆಗೆ ಹೋಗಲಿಲ್ಲ. ಯಜಮಾನರ ಉಡಿದಾರಕ್ಕೆ ಸೇರಿತು. ತೋಟಾ ಪೆಟ್ಟಿಗೆಯನ್ನು ಮಾತ್ರ ಚಿಕ್ಕ ಮಗನಿಗೆ ತಿಳಿಯದ ಎಡೆಯಲ್ಲಿ ಇಟ್ಟರು. ಅಷ್ಟಕ್ಕೇ ನಿಲ್ಲಿಸದೆ ಮಗನನ್ನು ಕರೆದು, ಸಾಲದ ಕಾಗದಗಳನ್ನು ಹರಡಿಕೊಂಡು, ಒಂದು ಸಂಜೆಯೆಲ್ಲ ಅವನೊಡನೆ ಲೆಕ್ಕವನ್ನು ನೋಡಿದರು. ಲೆಕ್ಕವು ಒಂದೇ ಸಂಜೆಯಲ್ಲಿ ತೀರುವಂತಹುದಾಗಿರಲಿಲ್ಲ. ಆದರೆ ಹುಡುಗನು ಅಂದು ಮೊದಲ ಬಾರಿಗೆ ಮೊತ್ತವನ್ನು ಬಾಯಿಬಿಟ್ಟು ಹೇಳಿದನು.

ಕೋವಿಯನ್ನು ಇಟ್ಟುಕೊಳ್ಳಲೇಬೇಕಾದ ಮನೆಗಳು ನಾಡಿನಲ್ಲಿ ಇನ್ನೂ ಇವೆ. ಅಂತಹ ಮನೆಗಳ ಯಜಮಾನರು ಅದನ್ನು ಹತ್ತಿರದಲ್ಲಿಯೇ ಇಟ್ಟುಕೊಳ್ಳಬಯಸಿದರೆ ಆಕ್ಷೇಪಣೆಯಿಲ್ಲ. ಬೀಗವೂ ಅಷ್ಟೇ ಹತ್ತಿರದಲ್ಲಿರಲಿ. ಹೊಲದ ಕಾವಲಿಗೆಂದು ತಂದ ವಸ್ತುವು ಮನೆಯವರಿಗೇ ಭಯವಾಗದಂತೆ ನೋಡಿಕೊಳ್ಳುವುದು ಕಾವಲುಗಾರನ ಮೊದಲನೆಯ ಕರ್ತವ್ಯವಷ್ಟೆ. ತೋಟಾ ಎಲ್ಲಿದೆ, ಬೀಗದ ಕೈ ಯಾರಲ್ಲಿದೆ ಎಂದು ಇಂದು ರಾತ್ರಿಯೇ ಒಮ್ಮೆ ಎದ್ದು ನೋಡುವುದರಿಂದ ಯಾವ ಯಜಮಾನನ ಗೌರವಕ್ಕೂ ಕುಂದು ಬರಲಾರದು.