ಹಿಮದಲ್ಲಿ ಹೂತುಹೋಗದ ಗಾಡಿ

ಹಿಮದ ಮೇಲೆ ಓಡೋ ಸ್ಕೂಟರ್ ಅಂದ್ರೆ ನಮ್ಮಲ್ಲಿ ಬಹುತೇಕರಿಗೆ ನೆನಪಾಗೋದು ಇಂಗ್ಲಿಷ್ ಸಿನಿಮಾದ ಚೇಸಿಂಗ್ ಸೀನು. ಹೀರೋ ಮುಂದೆ, ವಿಲನ್‌ಗಳು ಹಿಂದೆ, ಎರಡೂ ಕಡೆ ಬಿಳಿ ಪುಡಿ ಚಿಮ್ಮುತ್ತಾ ಇರುತ್ತೆ. ಐದನೇ ಸೆಮ್ ಪರೀಕ್ಷೆ ಮುಗಿಸಿ, ವರ್ಷವಿಡೀ ಉಳಿಸಿದ ದುಡ್ಡು ಒಟ್ಟು ಹಾಕಿ, ಜನವರಿಯಲ್ಲಿ ಗುಲ್ಮಾರ್ಗ್‌ಗೆ ಹೊರಟಾಗ ನಮ್ಮ ತಲೆಯಲ್ಲಿ ಇದ್ದದ್ದೂ ಅದೇ ಸೀನು. ನಾವು ಅಂದ್ರೆ ನಾಲ್ಕು ಜನ. ಮೆಕ್ಯಾನಿಕಲ್‌ನ ಮೂವರು, ಸಿವಿಲ್‌ನ ಒಬ್ಬ. ಸಿವಿಲ್‌ನವನ ಊರು ಖಾನಾಪುರ ತಾಲ್ಲೂಕಿನ ಕಾಡಿನೊಳಗಿನ ಒಂದು ಸಣ್ಣ ಹಳ್ಳಿ.

ಶ್ರೀನಗರದಿಂದ ಬಂದ ಗಾಡಿ ತಂಗ್‌ಮಾರ್ಗ್‌ನಲ್ಲೇ ನಿಂತಿತು. ಅಲ್ಲಿಂದ ಗುಲ್ಮಾರ್ಗ್‌ಗೆ ಉಳಿದದ್ದು 13 ಕಿಲೋಮೀಟರ್ ಘಾಟಿ. ಹಿಮ ಜಾಸ್ತಿ ಬಿದ್ದ ದಿನ ಟೈರಿಗೆ ಕಬ್ಬಿಣದ ಸರಪಳಿ ಸುತ್ತಿದ ಗಾಡಿಗಳನ್ನಷ್ಟೇ ಮೇಲಕ್ಕೆ ಬಿಡ್ತಾರೆ. ಬಾಡಿಗೆ ಗಮ್‌ಬೂಟ್ ಹಾಕ್ಕೊಂಡು ರಸ್ತೆ ಪಕ್ಕಕ್ಕೆ ಒಂದು ಹೆಜ್ಜೆ ಇಟ್ವಿ. ಮೊಣಕಾಲಿನ ತನಕ ಒಳಗೆ! ಒಂದು ಕಾಲು ಎಳೆದುಕೊಳ್ಳೋವಷ್ಟರಲ್ಲಿ ಇನ್ನೊಂದು ಕಾಲು ಇನ್ನೂ ಕೆಳಗೆ. ಇಪ್ಪತ್ತು ಹೆಜ್ಜೆಗೆ ಏದುಸಿರು ಬಂತು. ಹಿಮದಲ್ಲಿ ಚಳಿಗಿಂತ ದೊಡ್ಡ ಕಷ್ಟ ಈ ಹೂತುಹೋಗೋದು ಅಂತ ಆಗಲೇ ಗೊತ್ತಾಗಿದ್ದು.

ಮರುದಿನ ಗೊಂಡೋಲಾ ಹತ್ತಿ ಕೊಂಗ್‌ಡೂರಿಗೆ ಹೋದ್ವಿ. ಎತ್ತರ ಸುಮಾರು 3,000 ಮೀಟರ್. ಅಲ್ಲಿ ಸಾಲಾಗಿ ನಿಂತಿದ್ವು ಸ್ನೋಮೊಬೈಲ್‌ಗಳು. ಮುಂದೆ ಎರಡು ಸ್ಕೀ, ಹಿಂದೆ ಒಂದೇ ಒಂದು ಅಗಲವಾದ ರಬ್ಬರ್ ಟ್ರ್ಯಾಕ್. ನಮ್ಮ ಕಡೆ ಹಿಟಾಚಿಗೆ ಇರುತ್ತಲ್ಲ ಚೈನು, ಅದನ್ನೇ ರಬ್ಬರಿನಲ್ಲಿ ಮಾಡಿ ಹೊಟ್ಟೆ ಕೆಳಗೆ ಕಟ್ಟಿದ ಹಾಗೆ. ಡ್ರೈವರ್ ಭಾಯ್ ಓಡಿಸ್ತಾರೆ, ಹಿಂದೆ ಒಬ್ಬರು ಕೂರಬೇಕು. ಸರದಿ ಕಾಯೋವಾಗ ನಾವು ಗೇಣು ಹಾಕಿ ಟ್ರ್ಯಾಕ್ ಅಳೆದ್ವಿ. ಅಭ್ಯಾಸ ಬಲ.

ಲೆಕ್ಕ ಹೀಗೆ. ನೆಲಕ್ಕೆ ತಾಗೋ ಟ್ರ್ಯಾಕ್ ಹೆಚ್ಚುಕಮ್ಮಿ 110 ಸೆಂ.ಮೀ. ಉದ್ದ, 38 ಸೆಂ.ಮೀ. ಅಗಲ. ಎರಡು ಸ್ಕೀ ಸೇರಿಸಿದ್ರೆ ಒಟ್ಟು 6,200 ಚದರ ಸೆಂ.ಮೀ. ಗಾಡಿ 250 ಕೆ.ಜಿ., ಇಬ್ಬರು ಮನುಷ್ಯರು 140 ಕೆ.ಜಿ. ಅಂತ ಹಿಡಿಯೋಣ. ಭಾಗಿಸಿದ್ರೆ ಚದರ ಸೆಂಟಿಮೀಟರಿಗೆ 0.06 ಕೆ.ಜಿ. ಚಿಲ್ಲರೆ. ಈಗ 70 ಕೆ.ಜಿ. ಮನುಷ್ಯ ನಡೆಯೋವಾಗ ಒಂದು ಪಾದದ ಮೇಲೆ ನಿಂತಿರ್ತಾನೆ. ಪಾದ 250 ಚದರ ಸೆಂ.ಮೀ. ಅಂದ್ರೆ 0.28 ಕೆ.ಜಿ. ನಮ್ಮ ಐದು ಪಟ್ಟು ತೂಕದ ಗಾಡಿ ಹಿಮದ ಮೇಲೆ ಹಾಕೋ ಒತ್ತಡ, ನಮ್ಮ ಕಾಲು ಹಾಕೋದರ ಕಾಲು ಭಾಗಕ್ಕಿಂತ ಕಮ್ಮಿ! ಈ ಗಾಡಿ ತೇಲೋದು ಎಂಜಿನ್ನಿನ ತಾಕತ್ತಿನಿಂದ ಅಲ್ಲ, ಭಾರ ಹಂಚೋ ಜಾಣತನದಿಂದ. ಪ್ರೆಶರ್ ಅಂದ್ರೆ ಫೋರ್ಸ್ ಬೈ ಏರಿಯಾ ಅಂತ ಹೈಸ್ಕೂಲಿನಿಂದ ಬರೀತಾ ಬಂದಿದ್ದು ಅವತ್ತು ಕಾಲಿಗೆ ಅರ್ಥವಾಯ್ತು.

ಒಳಗಿನ ಮೆಕ್ಯಾನಿಸಂ ನೋಡಿದ್ರೆ ಇನ್ನೂ ಖುಷಿ. ಗೇರ್ ಹಾಕೋ ಕೆಲಸವೇ ಇಲ್ಲ. ಅಮ್ಮನ ಸ್ಕೂಟಿಯಲ್ಲಿರೋ ಅದೇ ಸಿವಿಟಿ, ಎರಡು ಪುಲ್ಲಿ, ಮಧ್ಯೆ ಒಂದು ವಿ-ಬೆಲ್ಟ್. ಎಂಜಿನ್ ವೇಗ ಹೆಚ್ಚಾದಂತೆ ಪುಲ್ಲಿ ಮುಚ್ಚಿಕೊಂಡು ಬೆಲ್ಟ್ ಮೇಲೇರುತ್ತೆ, ಗೇರ್ ರೇಷಿಯೋ ತಾನೇ ಬದಲಾಗುತ್ತೆ. ಆದರೆ 3,000 ಮೀಟರ್ ಎತ್ತರದಲ್ಲಿ ಗಾಳಿ ತೆಳು. ಟರ್ಬೋ ಇಲ್ಲದ ಎಂಜಿನ್ ಪ್ರತಿ 300 ಮೀಟರಿಗೆ ಸುಮಾರು ಶೇ. 3ರಷ್ಟು ಶಕ್ತಿ ಕಳೆದುಕೊಳ್ಳುತ್ತೆ. ಕೊಂಗ್‌ಡೂರಿಗೆ ಬರೋ ಹೊತ್ತಿಗೆ ಮೂರರಲ್ಲಿ ಒಂದು ಭಾಗದಷ್ಟು ಹೋಗಿರುತ್ತೆ ಅಂತಾಯ್ತು.

ಏರುವ ದಾರಿಯಲ್ಲಿ ಎದುರಿನಿಂದ ಇನ್ನೊಂದು ಗಾಡಿ ಬಂತು. ನಮ್ಮ ಡ್ರೈವರ್ ಭಾಯ್ ಪಕ್ಕದ ಹೊಸ ಹಿಮಕ್ಕೆ ಇಳಿಸಿ ನಿಲ್ಲಿಸಬೇಕಾಯ್ತು. ಮತ್ತೆ ಹೊರಟಾಗ ಟ್ರ್ಯಾಕ್ ಅರ್ಧ ಸುತ್ತು ತಿರುಗಿ ಗುಂಡಿ ತೋಡಿತು. ಅವರು ತಕ್ಷಣ ಎಂಜಿನ್ ಆಫ್ ಮಾಡಿ ಇಳಿದುಬಿಟ್ರು. ಆ್ಯಕ್ಸಿಲರೇಟರ್ ತಿರುವಿದಷ್ಟೂ ಗಾಡಿ ತನ್ನ ಗುಂಡಿ ತಾನೇ ತೋಡಿಕೊಳ್ಳುತ್ತೆ ಅಂದ್ರು. ಟ್ರ್ಯಾಕಿನ ಮುಂದಿನ ಹಿಮವನ್ನ ನಾವೆಲ್ಲ ಸೇರಿ ಕಾಲಲ್ಲಿ ತುಳಿದ್ವಿ. ಆಮೇಲೆ ಅವರು ಸುಮ್ಮನೆ ನಿಂತರು. "ಈಗ ಹೊರಡೋಣ?" ಅಂದ್ರೆ, "ಸ್ವಲ್ಪ ತಡೀರಿ, ಹಿಮ ಗಟ್ಟಿಯಾಗಲಿ" ಅಂತ ಹಿಂದಿಯಲ್ಲಿ ಉತ್ತರ. ಐದು ನಿಮಿಷದ ಮೇಲೆ ಒಬ್ಬರು ಸ್ಕೀ ಹಿಡಿದು ಎಳೆದ್ವಿ, ಅವರು ಮೆಲ್ಲಗೆ ಥ್ರಾಟಲ್ ಕೊಟ್ರು, ಗಾಡಿ ಹಗೂರಕ್ಕೆ ಎದ್ದು ಬಂತು.

ಆ ಐದು ನಿಮಿಷದಲ್ಲಿ ಆಗಿದ್ದು ಏನು ಗೊತ್ತಾ? ಸಿಂಟರಿಂಗ್! ಪೌಡರ್ ಮೆಟಲರ್ಜಿಯಲ್ಲಿ ಓದ್ತೀವಲ್ಲ, ಅದೇ. ತುಳಿದಾಗ ಹಿಮದ ಹರಳುಗಳು ಒಂದಕ್ಕೊಂದು ತಾಗುತ್ತವೆ, ತಾಗಿದ ಕಡೆ ಬೆಸೆದುಕೊಳ್ಳುತ್ತವೆ. ಸ್ಕೀ ಇಳಿಜಾರನ್ನ ಹದ ಮಾಡೋ ದೊಡ್ಡ ಟ್ರ್ಯಾಕ್ ಯಂತ್ರಗಳು ಸಾಮಾನ್ಯವಾಗಿ ರಾತ್ರಿ ಕೆಲಸ ಮಾಡೋದಕ್ಕೂ ಇದು ಒಂದು ಕಾರಣ. ಒತ್ತಿದ ಹಿಮಕ್ಕೆ ಬೆಳಗಾಗೋ ತನಕ ಗಟ್ಟಿಯಾಗಲು ಟೈಮ್ ಸಿಗುತ್ತೆ. ಪುಸ್ತಕದಲ್ಲಿ ನಮಗೆ ಎರಡು ಪುಟ, ಡ್ರೈವರ್ ಭಾಯ್‌ಗೆ ದಿನನಿತ್ಯದ ಅನ್ನ.

ವಾಪಸ್ ರೂಮಿಗೆ ಬಂದು ಕಂಬಳಿ ಹೊದ್ದು, ಈ ಗಾಡಿ ಮಾಡಿದ್ದು ಯಾರು ಅಂತ ಹುಡುಕಿ ಓದಿದ್ವಿ. ಅಲ್ಲಿಗೆ ಸಿನಿಮಾ ಸೀನು ತಲೆಯಿಂದ ಹೋಯ್ತು.

ಕೆನಡಾದ ಕ್ವಿಬೆಕ್ ಪ್ರಾಂತ್ಯದ ವಾಲ್‌ಕೂರ್ ಅನ್ನೋ ಊರು. ಜೋಸೆಫ್-ಅರ್ಮಾಂಡ್ ಬೊಂಬಾರ್ಡಿಯೇ ಅಲ್ಲಿನ ಗ್ಯಾರೇಜ್ ಮೆಕ್ಯಾನಿಕ್. ಹದಿನೈದನೇ ವಯಸ್ಸಿಗೇ ಹಳೇ ಫೋರ್ಡ್ ಎಂಜಿನ್ನಿಗೆ ಫ್ಯಾನ್ ಕಟ್ಟಿ ಹಿಮದ ಮೇಲೆ ಓಡಿಸಿದವರು. ಚಳಿಗಾಲದಲ್ಲಿ ಅಲ್ಲಿ ಹಳ್ಳಿ ರಸ್ತೆಗಳು ತಿಂಗಳುಗಟ್ಟಲೆ ಮುಚ್ಚಿಹೋಗ್ತಿದ್ವು. 1934ರ ಜನವರಿಯಲ್ಲಿ ಅವರ ಎರಡು ವರ್ಷದ ಮಗನಿಗೆ ಅಪೆಂಡಿಕ್ಸ್ ಒಡೆದು ಹೊಟ್ಟೆಗೆ ಸೋಂಕಾಯ್ತು. ಆಸ್ಪತ್ರೆ ಸುಮಾರು 50 ಕಿಲೋಮೀಟರ್ ದೂರ. ಗ್ಯಾರೇಜಿನಲ್ಲಿದ್ದ ಪ್ರಯೋಗದ ಗಾಡಿ ಓಡೋ ಸ್ಥಿತಿಯಲ್ಲಿರಲಿಲ್ಲ. ಮಗು ಉಳಿಯಲಿಲ್ಲ.

ಮುಂದಿನ ವರ್ಷ ಅವರು ರಬ್ಬರ್ ಹೊದಿಸಿದ ಸ್ಪ್ರಾಕೆಟ್ ಮತ್ತು ಟ್ರ್ಯಾಕ್ ವ್ಯವಸ್ಥೆ ರೂಪಿಸಿದರು. 1937ರಲ್ಲಿ ಪೇಟೆಂಟ್ ಸಿಕ್ತು. ಏಳು ಜನ ಕೂರೋ ಬಿ-7, ಆಮೇಲೆ ಹನ್ನೆರಡು ಜನರ ಬಿ-12 ಬಂದ್ವು. ಅವು ಆಂಬುಲೆನ್ಸ್ ಆದವು, ಶಾಲೆ ಬಸ್ ಆದವು, ಅಂಚೆ ಹೊತ್ತವು. 1940ರ ದಶಕದ ಕೊನೆಗೆ ಸರ್ಕಾರ ಹಳ್ಳಿ ರಸ್ತೆಗಳ ಹಿಮ ತೆಗೆಸೋಕೆ ಶುರು ಮಾಡಿದ ಮೇಲೆ ಅವುಗಳ ಮಾರಾಟ ಬಿತ್ತು. ನಾವು ಹತ್ತಿದಂಥ ಸಣ್ಣ ಗಾಡಿ, ಸ್ಕೀ-ಡೂ, ಬಂದದ್ದು 1959ರಲ್ಲಿ. ಮೋಜು ಬಂದದ್ದು ಕೊನೆಗೆ. ಮೊದಲು ಇದ್ದದ್ದು ಆಸ್ಪತ್ರೆಯ ದೂರ.

ಆ ದೂರ ಕಾಶ್ಮೀರದಲ್ಲಿ ಇವತ್ತಿಗೂ ಇದೆ. 2020ರ ಜನವರಿಯಲ್ಲಿ ಒಬ್ಬ ಗರ್ಭಿಣಿಯನ್ನ ನೂರಕ್ಕೂ ಹೆಚ್ಚು ಸೈನಿಕರು, ಮೂವತ್ತು ಊರ ಜನ ಸ್ಟ್ರೆಚರಿನಲ್ಲಿ ಹೊತ್ತು ಹಿಮದಲ್ಲಿ ನಾಲ್ಕು ಗಂಟೆ ನಡೆದಿದ್ರು. ಈ ಸುದ್ದಿ ಓದಿ ಹೇಳಿದಾಗ, ಅಲ್ಲೀವರೆಗೂ ಸುಮ್ಮನಿದ್ದ ಖಾನಾಪುರದವನು ಬಾಯಿ ಬಿಟ್ಟ.

"ಲೇ, ನಮ್ಮೂರಾಗೂ ಹಿಂಗ ಐತಿ. ಹಿಮಾ ಏನ್ ಬ್ಯಾಡ, ಕೆಸರ ಸಾಕು. ನಮ್ಮ ಆಯಿನ್ನ ಬಡಿಗಿಗೆ ಕಂಬಳಿ ಕಟ್ಟಿ ಜೋಳಿಗ್ಯಾಗ ಹೊತ್ಕೊಂಡ ಹೋಗಿದ್ರು. ಎಂಟ್ ಕಿಲೋಮೀಟರ್. ಇನ್ನೆರಡ ತಾಸ ಮೊದ್ಲ ತಂದಿದ್ರ ಅಂದ್ರಂತ ಡಾಕ್ಟ್ರು."

ಎರಡೂವರೆ ವರ್ಷ ಒಂದೇ ಹಾಸ್ಟೆಲಲ್ಲಿ ಇದ್ವಿ, ಅವನು ಇದನ್ನ ಹೇಳಿದ್ದು ಅವತ್ತೇ ಮೊದಲು. ಯಾರಿಗೂ ಮಾತು ಹೊರಡಲಿಲ್ಲ.

ಕಾಲೇಜಿಗೆ ಬಂದ ಮೇಲೆ ಪ್ರಾಜೆಕ್ಟ್ ಸಿನಾಪ್ಸಿಸ್ ಬರೆದ್ವಿ. ಮಳೆಗಾಲದ ಕಾಲುದಾರಿಯಲ್ಲಿ ಒಂದು ಸ್ಟ್ರೆಚರ್ ಹೊತ್ತು ಸಾಗೋ, ಇಬ್ಬರು ಪಕ್ಕದಲ್ಲಿ ನಡೆದು ನಡೆಸೋ ಸಣ್ಣ ಟ್ರ್ಯಾಕ್ ಗಾಡಿ. ದಾರಿ ಎರಡೂವರೆ ಅಡಿ ಅಗಲ, ಗಾಡಿ ಅದರೊಳಗೆ ಹಿಡೀಬೇಕು. ಗೈಡ್ ಸರ್ ಓದಿ ಒಂದೇ ಪ್ರಶ್ನೆ ಕೇಳಿದ್ರು: "ಹಿಮ ಒತ್ತಿದ್ರೆ ಗಟ್ಟಿಯಾಗುತ್ತೆ ಕಣ್ರಪ್ಪ. ಜೇಡಿಮಣ್ಣು ಟ್ರ್ಯಾಕಿಗೆ ಮೆತ್ತಿಕೊಳ್ಳುತ್ತೆ. ಅದಕ್ಕೇನು ಮಾಡ್ತೀರಿ?" ಟ್ರ್ಯಾಕಿನ ಪಟ್ಟಿಗಳ ಅಂತರ ಹೆಚ್ಚಿಸೋದಾ, ಕೆರೆದು ತೆಗೆಯೋ ಬ್ಲೇಡ್ ಇಡೋದಾ, ರಬ್ಬರ್ ಬದಲಾಯಿಸೋದಾ, ಮೂರನ್ನೂ ವರ್ಕ್‌ಶಾಪಿನಲ್ಲಿ ಕೆಸರು ಕಲಸಿ ನೋಡ್ತಾ ಇದ್ದೀವಿ. ಐಡಿಯಾ ಇದ್ದವರು ಶನಿವಾರ ಮಧ್ಯಾಹ್ನ ಬನ್ನಿ, ಹಳೇ ಬಟ್ಟೆ ಹಾಕ್ಕೊಂಡು ಬನ್ನಿ.

ಇನ್ನೊಂದು ತೊಡಕಿದೆ. ತುಂಬಿದ ಹಳ್ಳ ಬಂದ್ರೆ ನಮ್ಮ ಗಾಡಿ ದಾಟೋದಿಲ್ಲ. ಅದನ್ನ ಸಿನಾಪ್ಸಿಸ್‌ನ ಕೊನೇ ಸಾಲಿನಲ್ಲಿ ಬರೆದೇ ಇದ್ದೀವಿ. ಖಾನಾಪುರದವನು ಅದನ್ನ ಓದಿ, "ಅದನ್ನ ಸಿವಿಲ್‌ನವರಿಗೆ ಬಿಡ್ರಿ" ಅಂತ ಹೇಳಿ, ಹಳ್ಳದ ಅಗಲ ಅಳೆಯೋಕೆ ಟೇಪ್ ತಗೊಂಡು ಊರಿಗೆ ಹೋಗಿದ್ದಾನೆ.